ನನ್ನ ಮಗಳ ಹಲ್ಲನ್ನು ಗಂಡೆಂದ ಯಂತ್ರಕ್ಕೆ

ಮಾನ್ಯ ಹಲ್ಲಳತೆ ಯಂತ್ರದವರೇ,

ತಮ್ಮ ಗಾಜಿನ ಕಣ್ಣಿಗೆ ಧೂಳು ತಾಗದಿರಲಿ, ತಮ್ಮ ತಂತಿಗೆ ಇಲಿ ಬಾಯಿ ಹಾಕದಿರಲಿ ಎಂದು ಹಾರೈಸುತ್ತಾ, ಹೊಲಿಗೆ ಅಂಗಡಿಯ ಈ ಹೆಂಗಸು ಮಾಡುವ ವಿನಮ್ರ ಅರಿಕೆ.

ಹಾಲುಹಲ್ಲಿನ ಅಧ್ಯಯನಕ್ಕೆಂದು ತಮ್ಮ ಕೇಂದ್ರದವರು ಶಾಲೆಯ ಮಕ್ಕಳಿಂದ ಬಿದ್ದ ಹಲ್ಲು ಕೇಳಿದಾಗ, ನನ್ನ ಆರು ವರ್ಷದ ಮಗಳು ತನ್ನ ಮೊದಲ ಹಲ್ಲನ್ನು ಗುಂಡಿ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ, ತಾನೇ ಕೊಟ್ಟು ಬಂದಳು. ಹದಿನೈದು ದಿನಕ್ಕೆ ಬಂದ ಕಾಗದದಲ್ಲಿ ‘ನಿಮ್ಮ ಮಗನ ಹಲ್ಲಿಗಾಗಿ ಧನ್ಯವಾದಗಳು’ ಎಂದಿತ್ತು. ವಿಚಾರಿಸಲು ಹೋದರೆ ತಮ್ಮ ಗುಮಾಸ್ತರು ಬಹಳ ತಾಳ್ಮೆಯಿಂದ, ಸಾಮಾನ್ಯವಾಗಿ ಗಂಡುಮಕ್ಕಳ ಹಲ್ಲಿನ ಒಳಪದರ ದಪ್ಪ, ಹೆಣ್ಣುಮಕ್ಕಳ ಹಲ್ಲಿನಲ್ಲಿ ಮೇಲಿನ ಬಿಳಿ ಕವಚದ ಪಾಲು ಹೆಚ್ಚು, ಯಂತ್ರ ಅಳೆದು ಗಂಡು ಎಂದಿದೆ, ಆದ್ದರಿಂದ ಅರ್ಜಿಯಲ್ಲಿ ನಾನು ಬರೆದಿದ್ದ ‘ಮಗಳು’ ಎಂಬುದನ್ನು ಹೊಡೆದು ತಿದ್ದಲಾಗಿದೆ ಎಂದು ವಿವರಿಸಿದರು. ಹೆತ್ತವಳಿಗಿಂತ ಹಲ್ಲಿಗೆ ಹೆಚ್ಚು ಗೊತ್ತೆಂದು ನನಗೆ ತಿಳಿದದ್ದು ಅಂದೇ.

ಆರು ವರ್ಷ ಸ್ನಾನ ಮಾಡಿಸಿಯೂ ನಾನು ಕಾಣದ್ದನ್ನು ತಾವು ಒಂದು ಚೂರು ಹಲ್ಲಿನಲ್ಲಿ ಕಂಡಿರಿ. ಇಂಥ ಮಹಾನುಭಾವರು ಒಮ್ಮೆ ಮನೆಗೆ ದಯಮಾಡಿಸಿ, ನಮ್ಮತ್ತೆಯವರ ಕಟ್ಟಿಸಿದ ಹಲ್ಲನ್ನೂ ಅಳೆದು ಅವರು ಯಾರೆಂದು ತಿಳಿಸಬೇಕು. ಬಾಯಲ್ಲಿ ನಾಲ್ಕೇ ಹಲ್ಲು ಉಳಿದಿರುವ ಮಾವನವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂದೂ ಅಪ್ಪಣೆಯಾಗಬೇಕು.

ಅಳತೆ ನನ್ನ ಕಸುಬೂ ಹೌದು. ಹೆಂಗಸರ ಭುಜ ಸಾಮಾನ್ಯವಾಗಿ ಇಷ್ಟು ಎಂದು ನನ್ನ ಪುಸ್ತಕದಲ್ಲೂ ಇದೆ. ಅದಕ್ಕಿಂತ ಅಗಲ ಭುಜದವಳು ಬಂದರೆ ನಾನು ಬಿಚ್ಚುವುದು ಹೊಲಿಗೆಯನ್ನು, ಗಿರಾಕಿಯನ್ನಲ್ಲ.

ನಗೆಮಾತು ಹಾಗಿರಲಿ. ಮಗಳ ಎರಡನೆಯ ಹಲ್ಲು ಅಲ್ಲಾಡುತ್ತಿದೆ. ಅದೂ ಬಿದ್ದು ಅದೇ ಸಾಕ್ಷಿ ಹೇಳಿದರೆ ತಾನು ಮಗಳಾಗಿ ಉಳಿಯುವುದಿಲ್ಲವೆಂದು ಹೆದರಿ, ಮೂರು ದಿನದಿಂದ ಅದನ್ನು ನಾಲಿಗೆಯಿಂದ ಒತ್ತಿ ಹಿಡಿದಿದ್ದಾಳೆ. ಹಾಲು ಬಿಟ್ಟು ಬೇರೇನೂ ಒಳಗೆ ಹೋಗುತ್ತಿಲ್ಲ. ದಯವಿಟ್ಟು ಕಾಗದ ತಿದ್ದಿ ಅವಳ ಹೆಸರಿಗೇ ಕಳಿಸಿ.

ಇಂತಿ, ಅಳತೆಗೆ ಸಿಗದಿದ್ದರೂ
ತಮ್ಮ ವಿಶ್ವಾಸಿ,
ಒಬ್ಬ ಹುಡುಗಿಯ ತಾಯಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹಲ್ಲು ಬಿತ್ತು. ಮುಷ್ಟಿ ಬಿಚ್ಚದೆ ಅವಳು, “ಇದು ನಂದು ಅಂತ ಬರಿ ಅಮ್ಮ, ಇನ್ನೇನೂ ಬೇಡ” ಎಂದಳು, ಬರೆದಿದ್ದೇನೆ. ಹಲ್ಲು ಕಳಿಸುವುದಿಲ್ಲ. ಉಳಿದ ಹದಿನೆಂಟು ಅವಳ ಬಾಯಲ್ಲೇ ಇವೆ. ಅಳೆಯಲು ಬರುವುದಾದರೆ ಗುಮಾಸ್ತರು ಬೆರಳು ಜೋಪಾನ ಮಾಡಿಕೊಳ್ಳಲಿ.