ಹಗ್ಗ ಎರಡರಷ್ಟು, ಮೇವು ನಾಲ್ಕರಷ್ಟು

ಲೆಕ್ಕದ ಪಾಠ ಸ್ಕೂಲಿನ ಬಾಗಿಲು ದಾಟದಿದ್ದರೆ ಮೇಷ್ಟ್ರಿಗೆ ಕ್ಷೇಮ. ನನ್ನ ಪಾಠ ಯಾವಾಗಲೂ ಬೇಲಿ ಹಾರುತ್ತಿತ್ತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸು, ಅರಕಲಗೂಡಿನ ಹತ್ತಿರ ನನಗೆ ಹಂಗಾಮಿ ಕೆಲಸ. ಹಾಸನದಿಂದ ಬರುವ ಇನ್‌ಸ್ಪೆಕ್ಟರು ತಲೆಯಾಡಿಸಿದರೆ ಖಾಯಂ, ಇಲ್ಲದಿದ್ದರೆ ಗಂಟುಮೂಟೆ.

ರೊಟ್ಟಿ

ಒಂದು ಬದಲಾದರೆ ಅದರ ಬೆನ್ನಿಗೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವುದು ಪಾಠ. ಸ್ಲೇಟು ಜೋಡಿಸಿ ತೋರಿಸಿದೆ. ಉದ್ದ, ಅಗಲ ಎರಡೂ ದುಪ್ಪಟ್ಟಾದರೆ ಸ್ಲೇಟು ನಾಲ್ಕು ಬೇಕು.

ಹಿಂದಿನ ಬೆಂಚಿನ ಹುಡುಗ ಎದ್ದ. “ಅಂಗಾದ್ರೆ ಸಾ, ಅವ್ವ ಎರಡರಷ್ಟು ಅಗಲ ತಟ್ಟಿದ್ರೆ ಒಂದು ರೊಟ್ಟೀಲಿ ನಾಕು ತಿಂದಂಗೆ.”

ಬಾಗಿಲಲ್ಲಿದ್ದ ಹೆಡ್‌ಮಾಸ್ಟರು, “ಇವನು ಪಾಸು ಮೇಷ್ಟ್ರೇ. ನೀವು ಪಾಸಾಗೋದೊಂದೇ ಬಾಕಿ” ಅಂದರು.

ಹಗ್ಗ

ಮಾರನೇ ದಿನ ವೃತ್ತ. ಅಂಗಳದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, ಸುತ್ತು ಎಳೆದೆ. “ಇದು ಹಸು ಮೇಯೋ ಜಾಗ. ಹಗ್ಗ ಎರಡರಷ್ಟಾದರೆ ಮೇವು ನಾಲ್ಕರಷ್ಟು.”

ಅದೇ ಹುಡುಗ ಸಂಜೆ ತನ್ನ ಹಸುವಿಗೆ ಇನ್ನೊಂದು ಹಗ್ಗ ಗಂಟು ಹಾಕಿದ. ಪಕ್ಕದ ಅವರೆ ಹೊಲ ಸ್ಕೂಲ್ ಕಮಿಟಿ ಅಧ್ಯಕ್ಷರದ್ದು; ರಾತ್ರಿ ಕಳೆಯುವುದರೊಳಗೆ ಹಸು ಅದನ್ನು ಬೋಳಿಸಿತ್ತು. ಬೆಳಗ್ಗೆ ಅವರು ಗೇಟಿನಲ್ಲೇ ನನ್ನನ್ನು ಹಿಡಿದರು.

“ಹುಡುಗನ್ನ ಕೇಳಿದ್ರೆ ನಿಮ್ಮೆಸರು ಯೋಳ್ತಾನೆ. ಇನ್‌ಸ್ಪೆಕ್ಟ್ರು ಬರ್ಲಿ, ನಾನೂ ಯೋಳ್ತೀನಿ.”

“ಲೆಕ್ಕ ತಪ್ಪಿಲ್ಲ ಗೌಡ್ರೇ” ಅಂದೆ.

“ತಪ್ಪಿದ್ರೆ ಅರ್ಧ ಅವರೆ ಹೊಲನಾದ್ರೂ ಉಳೀತಿತ್ತಲ್ರೀ.”

ಇನ್‌ಸ್ಪೆಕ್ಟರು

ಹಸುವಿನ ಸುದ್ದಿ ಎತ್ತಬೇಡಿ ಅಂತ ಹುಡುಗರಿಗೆ ಕೈಮುಗಿದಿದ್ದೆ. ಇನ್‌ಸ್ಪೆಕ್ಟರು ಬಂದರು, ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷರು. ಬೋರ್ಡಿನ ಮೇಲೆ ವೃತ್ತ ಬರೆದು, ತ್ರಿಜ್ಯ ಎರಡರಷ್ಟಾದರೆ ಏನಾಗುತ್ತದೆ ಅಂತ ಕೇಳಿದರು. ಹುಡುಗರೆಲ್ಲ ನನ್ನ ಮುಖ ನೋಡಿದರು.

ಇನ್‌ಸ್ಪೆಕ್ಟರೇ ಪ್ರಶ್ನೆ ಸುಲಭ ಮಾಡಿದರು. “ಗೂಟಕ್ಕೊಂದು ಹಸು ಕಟ್ಟಿದೆ ಅನ್ನಿ.”

ಅಧ್ಯಕ್ಷರು ಕೆಮ್ಮಿದರು. ಇನ್‌ಸ್ಪೆಕ್ಟರ ಬೆರಳು ನೇರ ಹಿಂದಿನ ಬೆಂಚಿಗೆ ಹೋಯಿತು. “ಹಗ್ಗ ಎರಡರಷ್ಟಾದರೆ ಯಾವುದು ನಾಲ್ಕರಷ್ಟಾಗುತ್ತೆ?”

ಹುಡುಗ ನನ್ನನ್ನು ನೋಡಿದ, ಅಧ್ಯಕ್ಷರನ್ನು ನೋಡಿದ. “ಏಟು ಸಾ.”

“ಅದು ಹೇಗೋ?”

“ಅಪ್ಪ ಒಡೆದ್ರು, ಅವ್ವ ಒಡೆದ್ಲು, ಎಡ್‌ಮಾಸ್ಟ್ರು ಒಡೆದ್ರು, ಈ ಗೌಡ್ರೂ ಒಡೆದ್ರು. ಲೆಕ್ಕ ಸರಿಯಾಗೈತೆ ಸಾ.”

ಕಥೆಯೆಲ್ಲ ಹೊರಬಿತ್ತು. ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಅಧ್ಯಕ್ಷರ ಕಡೆ ತಿರುಗಿದರು. “ಏನಂತೀರಿ, ಮೇಷ್ಟ್ರನ್ನ ಖಾಯಂ ಮಾಡೋಣವೋ?”

ಅಧ್ಯಕ್ಷರು ಮೀಸೆ ಸವರಿಕೊಂಡರು.

“ಮಾಡ್ಬುಡಿ ಸ್ವಾಮಿ. ಮುಂದ್ಲ ಪಾಠ ಯಾವ್ದು ಅಂತ ಮಾತ್ರ ನಂಗೆ ಮೊದ್ಲೇ ಯೋಳ್ಬುಡ್ಲಿ. ಬೇಲಿ ಆಕ್ಕತೀನಿ.”