ಕಾಕಾನ ಬಲ್ಬಿನ ಡಬ್ಬಿ

ನಮ್ಮ ಕಾಕಾನಿಗೆ ಸಂಗೀತದ ಗಂಧಗಾಳಿ ಇಲ್ಲ. ಇದು ಬೈಗುಳವಲ್ಲ, ವೈದ್ಯಕೀಯ ಸತ್ಯ! ಬ್ಯಾಡಗಿಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದವನ ಮೂಗಿನಲ್ಲಿ ಗಂಧ ಉಳಿಯುವುದುಂಟೆ? ಇನ್ನು ಗಾಳಿ ಅಂದಿರಾ, ಅವನ ಪಕ್ಕದಲ್ಲಿ ಸುಳಿದ ಗಾಳಿಗೂ ಸೀನು ಬರುತ್ತದೆ. ಉಳಿದದ್ದು ಕಿವಿ. ಅದರ ಯೋಗ್ಯತೆ ಏನೆಂದರೆ, ಭಜನೆಗೂ ಬ್ಯಾಂಡ್ ಸೆಟ್ಟಿಗೂ ಒಂದೇ ತರಹ ತಲೆ ಆಡಿಸುತ್ತಾನೆ. ಎರಡನೆಯ ನುಡಿ ಬರುವಷ್ಟರಲ್ಲಿ ಗೊರಕೆ. ಇಂಥವನು ಹೋದ ದೀಪಾವಳಿಯ ಆಸುಪಾಸಿನಲ್ಲಿ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತ ಘೋಷಿಸಿದ: "ನಮ್ಮ ಸಿಸ್ಟಮ್‌ದಾಗ ಧ್ವನಿ ಸರಿ ಇಲ್ಲ. ಟ್ಯೂಬ್ ಪ್ರೀಆಂಪ್ಲಿಫೈಯರ್ ತರಸ್ತೇನಿ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಾನು ಹಾವೇರಿಯಲ್ಲಿ ಹೈಸ್ಕೂಲ್ ಮಾಸ್ತರ. ಭಾನುವಾರ ಬ್ಯಾಡಗಿಗೆ ಹೋಗಿ ಕಾಕಾನ ಹೆಂಡತಿ ಚಿಗವ್ವನ ಕೈಯ ರೊಟ್ಟಿ, ಪುಂಡಿಪಲ್ಯ ಉಂಡು ಬರುವುದು ನನ್ನ ವಾರದ ವ್ರತ. ಅವರ ಪಡಸಾಲೆಯಲ್ಲಿ ಒಂದು ರೆಕಾರ್ಡ್ ಪ್ಲೇಯರ್, ಒಂದು ಆಂಪ್ಲಿಫೈಯರ್, ಬೀರುವಿನಷ್ಟು ಎತ್ತರದ ಎರಡು ಸ್ಪೀಕರ್ ಇರುವುದು ನಿಜ. ಯಾವ ಕಾಲದಲ್ಲೋ ಹುಬ್ಬಳ್ಳಿಯಿಂದ ತಂದವು. ಒಂದು ಸ್ಪೀಕರ್ ಮೇಲೆ ಚಿಗವ್ವ ಶ್ಯಾವಿಗೆ ಒಣಗಿಸುತ್ತಿದ್ದಳು. ಅಂಥದ್ದಕ್ಕೆ ಈಗ ಬಡ್ತಿ!

"ಅದೇನ್ರಿ ಪ್ರೀಆಂಪ್ಲಿ?" ಎಂದಳು ಚಿಗವ್ವ.

"ದೊಡ್ಡ ಆಂಪ್ಲಿಫೈಯರ್ ಜೋರಾಗಿ ಮಾತಾಡ್ತೈತಿ. ಏನ್ ಮಾತಾಡಬೇಕಂತ ಅದಕ್ಕ ಮೊದಲ ತಿದ್ದಿ ಹೇಳಿಕೊಡೂದು ಈ ಸಣ್ಣದು."

"ಅಂಥಾದ್ದೊಂದು ಮನ್ಯಾಗ ಐತೆಲ್ಲ! ನಲವತ್ತು ವರ್ಷದಿಂದ ನಾ ಏನ್ ಮಾಡಾಕತ್ತೇನಿ?"

ಕಾಕಾ ಬಗ್ಗಲಿಲ್ಲ. ಟ್ಯೂಬ್ ಎಂದರೆ ಹಳೆಯ ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿದ್ದವಲ್ಲ, ಗಾಜಿನ ವಾಲ್ವುಗಳು, ಅವೇ. ಜಗತ್ತು ಒಮ್ಮೆ ಎತ್ತಿ ಎಸೆದದ್ದನ್ನು ಈಗ ಶೋಕಿಯವರು ಮತ್ತೆ ಹುಡುಕಿಕೊಂಡು ಹೊರಟಿದ್ದಾರೆ. ಅದರಿಂದ ಧ್ವನಿ ಬೆಚ್ಚಗಾಗುತ್ತದಂತೆ. ಬ್ಯಾಡಗಿಯಲ್ಲಿ ಬೆಚ್ಚಗಾಗದೆ ಉಳಿದ ವಸ್ತು ಅದೊಂದೇ ಇತ್ತು ನೋಡಿ, ಅದನ್ನೂ ಬಿಡಲಿಲ್ಲ ನಮ್ಮ ಕಾಕಾ!

ಇಲ್ಲಿ ನಿಮಗೊಂದು ಊರಿನ ಪಾಠ ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಜಾತಿ. ತೆಳ್ಳಗೆ ಉದ್ದಕ್ಕಿದ್ದರೆ ಕಡ್ಡಿ, ಗಿಡ್ಡಗೆ ದಪ್ಪಗಿದ್ದರೆ ಡಬ್ಬಿ. ಪಾರ್ಸೆಲ್ ಬರುವ ದಿನ ಕಾಕಾ ಹಾವೇರಿಯ ಕಚೇರಿ ಕೆಲಸಕ್ಕೆ ಹೋಗಿದ್ದ. ಅಲ್ಲಿಂದಲೇ ಅಂಗಡಿಯ ಗುಮಾಸ್ತನಿಗೆ ಫೋನ್ ಮಾಡಿದ: "ನಂದೊಂದು ಡಬ್ಬಿ ಬರ್ತೈತಿ. ಭಾಳ ನಾಜೂಕಿಂದು. ಬಿಸಲಾಗ ಇಡಬ್ಯಾಡ, ತಂಪ ಜಾಗಾದಾಗ ಇಡು."

ಮೂವತ್ತು ವರ್ಷ ಪಳಗಿದ ಗುಮಾಸ್ತ ಏನು ಮಾಡಬೇಕು ಹೇಳಿ? ನಾಜೂಕಿನ ಡಬ್ಬಿಯನ್ನು ಬೇರೆ ಚೀಲಗಳ ಜೊತೆ ಗಾಡಿಗೇರಿಸಿ ನೇರ ಕೋಲ್ಡ್ ಸ್ಟೋರೇಜಿಗೆ ಕಳಿಸಿದ! ಎರಡು ದಿನ ಹುಡುಕಿದ ಮೇಲೆ ಅದು ಮೆಣಸಿನಕಾಯಿ ಚೀಲಗಳ ನಡುವೆ, ಕೊರಳಲ್ಲಿ ಚೀಟಿ ಕಟ್ಟಿಸಿಕೊಂಡು, ಗಡಗಡ ನಡುಗುವ ಚಳಿಯಲ್ಲಿ ಸಿಕ್ಕಿತು. ಕಾಕಾ ಕೂಗಾಡಿದರೆ ಗುಮಾಸ್ತನಿಗೇ ಬೇಸರ.

"ನೀವ ಹೇಳೀರಲ್ರಿ ಸಾವ್ಕಾರ್ರ, ತಂಪ ಜಾಗಾ ಅಂತ? ನೋಡ್ರಿ ಬೇಕಾದ್ರ, ಒಂದ ಡಾಗ ಬಿದ್ದಿಲ್ಲ, ಒಂದ ಹುಳ ಹತ್ತಿಲ್ಲ!"

ಮನೆಗೆ ತಂದಿಟ್ಟಾಗ ಡಬ್ಬಿಯ ಮೈತುಂಬ ನೀರಹನಿ. ನಾಳೆಯತನಕ ಒಣಗಲಿ ಎಂದೆ. ಕೇಳುವ ಜಾಯಮಾನವೇ? ಸ್ವಿಚ್ ಹಾಕಿದ. "ಟಪ್" ಎಂದಿತು. ಅದರ ಮೊದಲ ಸಂಗೀತ ಅಷ್ಟೇ. ಕಾಕಾ ಅಳಬೇಕಿತ್ತು, ಅವನ ಮುಖದಲ್ಲಿ ಎಂಥದ್ದೋ ಹುರುಪು ಕಂಡು ನನಗೆ ಆಶ್ಚರ್ಯವಾಯಿತು.

"ನಡಿ ರಾಣೆಬೆನ್ನೂರಿಗೆ. ಇದನ್ನ ಬಿಚ್ಚೋ ಮನಶ್ಯಾ ಇಡೀ ಜಿಲ್ಲಾದಾಗ ಒಬ್ಬನ ಅದಾನ."

ಆ ಒಬ್ಬರು ಕಾಕಾನ ಬಾಲ್ಯದ ದೋಸ್ತ, ರೇಡಿಯೋ ಮಿಸ್ತ್ರಿ. ವಾಲ್ವ್ ರೇಡಿಯೋಗಳ ಕಾಲದಲ್ಲಿ ಮೇಡ್ಲೇರಿ, ದೇವರಗುಡ್ಡದಿಂದೆಲ್ಲ ಜನ ರೇಡಿಯೋ ಹೊತ್ತುಕೊಂಡು ಬಂದು ಅವರ ಅಂಗಡಿ ಮುಂದೆ ಸಾಲಾಗಿ ಕೂರುತ್ತಿದ್ದರಂತೆ. ಆಮೇಲೆ ಕೆಟ್ಟದ್ದನ್ನು ರಿಪೇರಿ ಮಾಡಿಸುವ ಚಾಳಿಯೇ ಲೋಕಕ್ಕೆ ತಪ್ಪಿಹೋಯಿತು. ಆದರೂ ಮಿಸ್ತ್ರಿ ದಿನಾ ಅಂಗಡಿ ತೆರೆದು ಕೂರುತ್ತಿದ್ದರು. ಹೆಂಡತಿ ತೀರಿಕೊಂಡ ದಿನ ಎಳೆದ ಶಟರ್ ಮಾತ್ರ ಮತ್ತೆ ಏಳಲಿಲ್ಲ.

ಕಾರಿನಲ್ಲಿ ಕಾಕಾ ಡಬ್ಬಿಗೆ ಕೌದಿ ಸುತ್ತಿ, ಬಾಣಂತನ ಮುಗಿಸಿ ಕಳಿಸಿದ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಾಗಿಲಲ್ಲೇ ಮಿಸ್ತ್ರಿಯವರ ಸೊಸೆ ದನಿ ತಗ್ಗಿಸಿ ಹೇಳಿದರು: "ಎಂಟ ತಿಂಗಳಾತ್ರಿ ಕಾಕಾರ. ಕರದ್ರ ಊಟಕ್ಕ ಬರ್ತಾರ, ಇಲ್ಲಾಂದ್ರ ಗ್ವಾಡಿ ನೋಡ್ಕೋತ ಕುಂದರ್ತಾರ. ಮಾತ ಇಲ್ಲ. ಹಿಂಗ ಆದ್ರ ಇವರು ನಮಗ ಎಷ್ಟ ದಿನ ಉಳೀತಾರ್ರಿ?"

ಮಿಸ್ತ್ರಿ ನಿಜಕ್ಕೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಗಡ್ಡ ಎದೆಗೆ ಇಳಿದಿತ್ತು. ಕಾಕಾ ಸಮಾಧಾನದ ಒಂದು ಮಾತು ಆಡಬೇಡವೆ? ಇಲ್ಲ! ಡಬ್ಬಿಯನ್ನು ಅವರ ಮುಂದೆ ಧೊಪ್ಪನೆ ಇಟ್ಟ.

"ಕೆಟ್ಟೈತಿ. ನೋಡು."

"ನನಗ ಬ್ಯಾಡ. ಬ್ಯಾರೇಯವರ ಕಡೆ ಹೋಗು."

"ಬ್ಯಾರೇಯವರು ಯಾರದಾರಲೇ? ಈಗಿನವರಿಗೆ ವಾಲ್ವ್ ತೋರಿಸಿದ್ರ ಜೀರೋ ಬಲ್ಬ್ ಅಂತಾರ!"

ಕಾಕಾ ಡಬ್ಬಿಯನ್ನು ಇನ್ನಷ್ಟು ಹತ್ತಿರ ತಳ್ಳಿದ. ಕೊನೆಗೆ ಮಿಸ್ತ್ರಿಯವರ ಕೈ ತಾನಾಗಿ ಕೌದಿ ಸರಿಸಿತು. ಗಾಜನ್ನು ಮುಟ್ಟಿತು. ಬೆರಳಿಗೆ ತೇವ ಹತ್ತಿತು. ಅವರು ತಟ್ಟನೆ ತಿರುಗಿ, "ಹಸಿ ಇದ್ದಾಗ ಸ್ವಿಚ್ ಹಾಕಿದ ಹುಚ್ಚ ಯಾವನಲೇ?" ಎಂದು ಗದರಿದರು.

"ನಾನ!" ಎಂದ ಕಾಕಾ, ಸನ್ಮಾನಕ್ಕೆ ಹೆಸರು ಕರೆದವರ ಹಾಗೆ ಎದೆ ಉಬ್ಬಿಸಿ. ಆ ದಿನ ತುಕ್ಕು ಹಿಡಿದ ಶಟರನ್ನು ನಾನೂ ಕಾಕಾನೂ ಎತ್ತಿದೆವು. ನನ್ನ ಸೊಂಟ ಒಂದು ವಾರ ನೋಯಿತು.

ಡಬ್ಬಿ ರಿಪೇರಿಯಾಗಿ ಬಂದ ಮೇಲೆ ಓಣಿಯ ಹಿರಿಯರನ್ನೆಲ್ಲ ಕರೆದು ಕಾಕಾ ಗೃಹಪ್ರವೇಶವನ್ನೇ ಮಾಡಿದ. ದೀಪ ಆರಿಸಿ, ಪರದೆ ಎಳೆದು, ವಾಲ್ವುಗಳ ಕೆಂಪು ಬೆಳಕಿನಲ್ಲಿ ಸಾರಂಗಿ ಹಚ್ಚಿದ. "ಕೇಳ್ರಿ! ಮೊದಲ ಬರೇ ಖಾರ ಇತ್ತು. ಈಗ ಬಣ್ಣ ಬಂದೈತಿ, ಬಣ್ಣ!" ಬ್ಯಾಡಗಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ, ನಮ್ಮ ಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ, ಖಾರದಿಂದಲ್ಲ. ಆದರೆ ಅಂಗಡಿಯಿಂದ ಹಾಗೇ ಬಂದಿದ್ದ ಕಾಕಾ ಅಂಗಿ ಬದಲಿಸಿರಲಿಲ್ಲ. ಸಾರಂಗಿ ಮೆಲ್ಲಗಾದಾಗ ಒಬ್ಬರು ಸೀನಿದರು. ಆಮೇಲೆ ಇಬ್ಬರು. ಆಮೇಲೆ ಇಡೀ ಸಭೆ! ಸಾರಂಗಿಗೆ ಸೀನಿನ ಸಾಥ್ ಕೊಟ್ಟ ಏಕೈಕ ಕಛೇರಿ ಅದಿರಬೇಕು. ಕಾಕಾ ಮಾತ್ರ ಅಷ್ಟರಲ್ಲಿ ನಿದ್ದೆಹೋಗಿದ್ದ.

ಡಬ್ಬಿಯ ನಿಜವಾದ ಉಪಯೋಗ ಕಂಡುಹಿಡಿದವಳು ಚಿಗವ್ವ. ಚಳಿಗೆ ಹಾಲು ಹೆಪ್ಪುಗಟ್ಟುತ್ತಿರಲಿಲ್ಲ. ಡಬ್ಬಿಯ ನೆತ್ತಿ ಸದಾ ಹದವಾಗಿ ಬೆಚ್ಚಗೆ. ಒಂದು ಭಾನುವಾರ ನಾನು ಹೋದಾಗ ಅದರ ಮೇಲೆ ತಟ್ಟೆ ಮುಚ್ಚಿದ ಪಾತ್ರೆ ಕೂತಿತ್ತು. ಕಾಕಾ ಹೌಹಾರಿದ.

"ಏ, ಇದು ಸಂಗೀತದ ಮಷೀನ್ ಐತಿ! ಮೊಸರಿಂದಲ್ಲ!"

"ನಿಮ್ಮ ಸಂಗೀತ ವಾರಕ್ಕೊಮ್ಮೆ ಕೆಡತೈತಿ. ನನ್ನ ಮೊಸರ ಒಂದಿನಾನೂ ಕೆಟ್ಟಿಲ್ಲ."

ಮಾತು ಖರೇ ಇತ್ತು. ಸೋಮವಾರದಿಂದ ಶನಿವಾರದವರೆಗೆ ಗಟ್ಟಿಮುಟ್ಟಾಗಿರುವ ಈ ಯಂತ್ರ ಭಾನುವಾರ ನಾನು ಕಾರು ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಮೂಕವಾಗುತ್ತಿತ್ತು! ಮತ್ತೆ ಕೌದಿ, ಮತ್ತೆ ಕಾರು, ಮತ್ತೆ ರಾಣೆಬೆನ್ನೂರು. ನನ್ನ ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು. ತಯಾರಿಸಿದವರಿಗೇ ವಾಪಸ್ ಕಳಿಸೋಣವೆಂದು ಎರಡು ಪುಟದ ಖಡಕ್ ಪತ್ರ ಬರೆದುಕೊಟ್ಟೆ. ಮುಂದಿನ ವಾರ ಕೇಳಿದರೆ, "ಅದರಾಗ ಶೇಂಗಾ ಕಟ್ಟಿದ್ನೆಪಾ" ಎಂದ. ಇಂಥವನ ಜೊತೆ ಹೆಣಗುವುದು ಹೇಗೆ?

ಅಂಗಡಿಯಲ್ಲಿ ಮಿಸ್ತ್ರಿಯವರ ಗಡ್ಡ ಹೋಗಿತ್ತು. ಇಸ್ತ್ರಿ ಅಂಗಿ ಬಂದಿತ್ತು. ಭಾನುವಾರ ಬೆಳಗಾದರೆ ಮಾವನವರು ಸ್ನಾನ ಮುಗಿಸಿ ಬೀಗದ ಕೈ ಹುಡುಕುತ್ತಾರೆಂದು ಸೊಸೆ ಹೇಳಿದರು. ಕಾಕಾನನ್ನು ಅವರು ಬಾಯಿತುಂಬ ಬೈಯುತ್ತಿದ್ದರು. ಬೈಸಿಕೊಂಡು ಕಾಕಾ ದಪ್ಪವಾಗುತ್ತಿದ್ದ. ನಾನು ಇದನ್ನೆಲ್ಲ ನೋಡುತ್ತಿದ್ದೆ, ಆದರೆ ಮಾಸ್ತರ ಬುದ್ಧಿ ನೋಡಿ, ಎರಡಕ್ಕೆ ಎರಡು ಕೂಡಿಸಲಿಲ್ಲ.

ಒಂದು ಭಾನುವಾರ ಕಾರು ಗ್ಯಾರೇಜಿನಲ್ಲಿತ್ತು. ರೈಲು ಹಿಡಿದು ಎಂದಿಗಿಂತ ಮುಂಚೆ ಹೋಗಿ, ಹಿತ್ತಲ ಬಾಗಿಲಿಂದ ಒಳಗೆ ಕಾಲಿಟ್ಟೆ. ಪಡಸಾಲೆಯಲ್ಲಿ ಕಾಕಾ ನೆಲದ ಮೇಲೆ ಕೂತಿದ್ದ. ಪ್ಲಗ್ ಕಿತ್ತಿತ್ತು, ಡಬ್ಬಿಯ ಮುಚ್ಚಳ ತೆಗೆದಿತ್ತು. ಚಷ್ಮಾ ಮೂಗಿನ ತುದಿಗೆ, ನಾಲಿಗೆ ಹೊರಗೆ, ಕೈಯಲ್ಲಿ ಉಗುರು ತೆಗೆಯುವ ನೇಲ್ ಕಟರ್. ಕಟ್!

"ಕಾಕಾ! ಏನ್ ಮಾಡಾಕತ್ತೀ?"

"ಮೆಲ್ಲಕ! ನಿಮ್ಮ ಚಿಗವ್ವ ಕೇಳ್ಯಾಳು."

ಕಳ್ಳ ಸಿಕ್ಕಿಬಿದ್ದಿದ್ದ. ಕತ್ತರಿಸಿದ ವೈರನ್ನು ಒಳಗೆ ತುರುಕುತ್ತ, ನನ್ನ ಮುಖ ನೋಡದೆ ಹೇಳಿದ: "ನನಗ ಸಮಾಧಾನ ಹೇಳಾಕ ಬರಂಗಿಲ್ಲೋ. ಸತ್ತ ಮನಿಗೆ ಹೋದ್ರ ಪ್ಯಾಟಿ ದರದ ಮಾತ ಬಾಯಿಗೆ ಬರ್ತಾವು. ಅವಗ ಬರೂದು ವಾಲ್ವ್ ರಿಪೇರಿ ಒಂದ. ಈಗಿನ ಕಾಲದಾಗ ವಾಲ್ವ್ ಎಲ್ಲೈತಿ? ಅದಕ್ಕ ತರಿಸಿದೆ."

"ಒಂದ ಹಳೇ ರೇಡಿಯೋ ಒಯ್ದಿದ್ರ ಆಗ್ತಿತ್ತಲ್ಲ?"

"ಹಳೇದು ಒಯ್ದ್ರ, ಕರುಣಾ ತೋರಸಾಕ ಬಂದಾನ ಅಂತಿದ್ದ. ಭಾರೀ ಮಷೀನ್ ಇದ್ರ ಅವನ ಕೈಗೂ ಮರ್ಯಾದಿ."

"ಮತ್ತ ಸಂಗೀತ?"

"ಸಂಗೀತ ಯಾವನಿಗೆ ತಿಳೀತೈತಿ, ಬಿಡು! ಸ್ಕ್ರೂ ಕೊಡು ಇತ್ತಾಗ."

ಕೊಟ್ಟೆ. ಅಷ್ಟು ದಿನ ಅವನನ್ನು ಹುಚ್ಚನೆಂದು ಹೇಳಿಕೊಂಡು ತಿರುಗಿದ್ದಕ್ಕೆ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಆ ದಿನ ಡಬ್ಬಿಯನ್ನು ಬಸ್ಸಿನಲ್ಲಿ ನಾನೇ ತೊಡೆಯ ಮೇಲೆ ಇಟ್ಟುಕೊಂಡು ಹೋದೆ.

ರಾಣೆಬೆನ್ನೂರಿನಲ್ಲಿ ಎಂದಿನಂತೆ ಬೈಸಿಕೊಂಡು ಕಾಕಾ ಮಂಡಕ್ಕಿ ಗಿರಮಿಟ್ ಕಟ್ಟಿಸಿಕೊಂಡು ಬರಲು ಎದುರಿನ ಅಂಗಡಿಗೆ ಹೋದ. ಮಿಸ್ತ್ರಿ ಮುಚ್ಚಳ ತೆಗೆದು, ಚಿಮಟದಲ್ಲಿ ಒಂದು ಕೆಂಪು ವೈರ್ ಎತ್ತಿ ಹಿಡಿದರು.

"ಮಾಸ್ತರ, ಇಲ್ಲಿ ಬರ್ರಿ. ಇದು ತಾನಾಗಿ ಕಡದದ್ದಲ್ಲ, ನೋಡ್ರಿ. ನೇಲ್ ಕಟರ್."

ನಾನು ರಸ್ತೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದೆ. "ನಿಮಗ... ಗೊತ್ತೈತೇನ್ರಿ?"

"ಎರಡನೇ ವಾರದಿಂದ." ಅವರು ರಸ್ತೆಯಾಚೆ ನೋಡಿದರು. ಕಾಕಾ ಗಿರಮಿಟ್ಟಿನವನ ಜೊತೆ ಈರುಳ್ಳಿ ಕಡಿಮೆಯಾಯಿತೆಂದು ಜಗಳಕ್ಕೆ ನಿಂತಿದ್ದ. ಅವನನ್ನು ನೋಡುತ್ತ ಮಿಸ್ತ್ರಿಯವರ ಕಣ್ಣು ತುಂಬಿತು. ನನ್ನದೂ ತುಂಬಿತು. ಅವರು ತೋಳಿನಿಂದ ಮುಖ ಒರೆಸಿಕೊಂಡು ಬೆಸುಗೆಯ ಕಡ್ಡಿ ಕೈಗೆತ್ತಿಕೊಂಡರು.

"ನಾ ಹೇಳಿದೆ ಅನಬ್ಯಾಡ್ರಿ, ನೀವ ನೋಡಿದಂಗ ಅವಗ ಹೇಳ್ರಿ. ಈ ಕೆಂಪು ವೈರ್ ಇದು ಮೂರನೇ ಸಲ ಕತ್ತರಸ್ಯಾನ. ಸುಲದು ಸುಲದು ಗಿಡ್ಡ ಆಗೈತಿ, ಇನ್ನೊಮ್ಮೆ ಕತ್ತರಿಸಿದ್ರ ಮುಟ್ಟಂಗಿಲ್ಲ. ಮುಂದಿನ ವಾರ ಹಳದೀದು ಕತ್ತರಸಾಕ ಹೇಳ್ರಿ. ಬರೂದು ಮಾತ್ರ ತಪ್ಪಸಬ್ಯಾಡ ಅನ್ರಿ."