ಹುಳಿ ಉಂಡ ಅಲಾಯ್ ಚಕ್ರಗಳು

ಕೆಲವರ ಮನೆಯಲ್ಲಿ ಅಪರೂಪಕ್ಕೊಮ್ಮೆ ನಗುವಂಥದ್ದು ನಡೆಯುತ್ತದೆ. ನಮ್ಮ ಮನೆಯಲ್ಲಿ ನನ್ನ ಗಂಡ ಎದ್ದು ಚಪ್ಪಲಿ ಮೆಟ್ಟಿದರೆ ಸಾಕು, ಏನೋ ಒಂದು ಶುರುವಾಗುತ್ತದೆ. ಕೂತಲ್ಲಿ ಕೂರುವ ಜನ್ಮವಲ್ಲ ಅದು. ಉಣ್ಣಲು ಕೂತರೂ ಒಂದು ಮೊಣಕಾಲು ಅಲ್ಲಾಡುತ್ತಲೇ ಇರುತ್ತದೆ.

ಬೆಂಗಳೂರಿನಲ್ಲಿ ನನ್ನ ಗಾರ್ಮೆಂಟು, ಅವರ ಡ್ರೈವರ್ ಕೆಲಸ ಎರಡೂ ಬಿಟ್ಟು ನಾವಿಬ್ಬರೂ ಆಂಧ್ರದ ಗಡಿಯ ರಾಯದುರ್ಗಕ್ಕೆ, ಅತ್ತೆಯ ಮನೆಗೆ ಬಂದ ಹೊಸತು. ನಾನು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದೆ. ಅವರು ಒಂದು ಹಳೇ ಬಿಳಿ ಕಾರು ತಂದರು. ಅದಕ್ಕೆ ಅಲಾಯ್ ಚಕ್ರಗಳು, ಹಿಂದಿನ ಮಾಲೀಕನ ಶೋಕಿ. ಬ್ರೇಕಿನ ಪುಡಿ, ಎಣ್ಣೆ, ಧೂಳು ಎಲ್ಲ ಕೂತು ರೊಟ್ಟಿ ಹಂಚಿನ ತಳದ ಹಾಗೆ ಕಪ್ಪಾಗಿದ್ದವು.

ನಮ್ಮ ಯೂನಿಟ್ಟಿನ ಸಾಹುಕಾರರು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಬಳ್ಳಾರಿ ಸ್ಟೇಷನ್ನಿಂದ ಮಾಲು ಕೊಳ್ಳೋ ಪಾರ್ಟಿಗಳನ್ನ ಕರ್ಕೊಂಡು ಬರಾಕ ಒಂದು ಗಾಡಿ ಬೇಕಾಗೈತಿ. ಆದ್ರ ಈ ಗಾಲಿ ನೋಡಿದ್ರ ಯಾರೂ ಹತ್ತಂಗಿಲ್ಲ. ಸೋಮವಾರ ಲಕ್ಷಣವಾಗಿ ಮಾಡ್ಕೊಂಡು ಬರ್ರಿ, ಖಾಯಂ ಇಟ್ಕೊಳ್ಳೋಣು" ಅಂದರು.

ಈ ಬಾಡಿಗೆ ತಪ್ಪಿದರೆ ನನ್ನ ಗಂಡ ಮತ್ತೆ ಬೆಂಗಳೂರಿಗೆ ಹೋಗಿ ಯಾರದೋ ಕಾರು ಓಡಿಸಬೇಕು, ನಾನಿಲ್ಲಿ ಅತ್ತೆಯ ಜೊತೆ ಉಳಿಯಬೇಕು. ಅಂಗಡಿಯ ಪಾಲಿಶ್ ತರೋಣ ಅಂದರೆ ಅವರು ಕೇಳಬೇಕಲ್ಲ! "ಮನ್ಯಾಗ ಇರೋ ಸಾಮಾನಿನಾಗ ಫಳಫಳ ಅನಿಸ್ತೀನಿ ನೋಡು" ಅಂದರು.

ಸಪ್ಪೆ ಸಾರು

ಹಿತ್ತಾಳೆ ಚೊಂಬು ಹುಣಸೆಹಣ್ಣಿಗೆ ಹೊಳೆಯುತ್ತದೆಂದು ಅತ್ತೆ ಯಾವಾಗಲೋ ಅಂದಿದ್ದರು. ನಾನು ಕೆಲಸದಿಂದ ಬರುವಷ್ಟರಲ್ಲಿ ಡಬ್ಬದ ಹುಣಸೆಹಣ್ಣೆಲ್ಲ ಚಕ್ರಗಳಿಗೆ ಮೆತ್ತಿಕೊಂಡು ಬಿಸಿಲಲ್ಲಿ ಒಣಗುತ್ತಿತ್ತು. ತೊಳೆದು ನೋಡಿದರೆ ಕಪ್ಪು ಇದ್ದಲ್ಲೇ ಇದೆ. ಇದ್ದಬದ್ದ ಹೊಳಪೂ ಹೋಗಿ, ಮುಟ್ಟಿದರೆ ಚಕ್ರ ತರಿತರಿ.

"ನಾ ಚೊಂಬಿನ ಮಾತು ಹೇಳಿದ್ನೆಪ್ಪಾ, ನೀ ಯಾಕ ಕಾರಿಗೆ ಉಣಿಸಿದಿ?" ಎಂದು ಅತ್ತೆ ಹಣೆ ಬಡಿದುಕೊಂಡರು.

ಊಟಕ್ಕೆ ಕೂತಾಗ ನನ್ನ ಗಂಡ ಸಾರು ಬಾಯಿಗಿಟ್ಟು ಮುಖ ಕಿವುಚಿದರು. "ಯಾಕ, ಇವತ್ತು ಹುಳಿ ಬಿಟ್ಟಿಲ್ಲೇನು?"

"ಬೇಕಾದ್ರೆ ಹೊರಗೆ ಹೋಗಿ ಚಕ್ರ ನೆಕ್ಕಿ ಬನ್ನಿ" ಅಂದೆ.

ನೆಕ್ಕುವವರು ಸಿಕ್ಕರು

ಮಾರನೇ ದಿನ ಅತ್ತೆಯನ್ನು ಗುಮ್ಮಘಟ್ಟದ ಕಡೆಯ ಅವರ ತವರಿಗೆ ಬಿಡಲು ಹೋದೆವು. ಅಲ್ಲಿ ಯಾರೋ ಹುಳಿ ಮಜ್ಜಿಗೆಗೆ ಕಲ್ಲುಪ್ಪು ಹಾಕಿ ಹಚ್ಚಿದರೆ ಎಂಥಾ ಜಿಡ್ಡೂ ಬಿಡುತ್ತದೆ ಅಂದರು. ಅಂದದ್ದೇ ತಡ, ಇವರು ತಂಬಿಗೆ ಹಿಡಿದು ಹೊರಟೇಬಿಟ್ಟರು.

ಮಜ್ಜಿಗೆ ಹಚ್ಚಿ ಕೈ ತೊಳೆಯುವಷ್ಟರಲ್ಲಿ ಓಣಿಯಲ್ಲಿ ಕುರಿಮಂದೆ ಬಂತು. ಕುರಿಗೆ ಉಪ್ಪು ಕಂಡರೆ ಕೇಳಬೇಕೇ? ಮಂದೆಗೆ ಮಂದೆಯೇ ಕಾರಿಗೆ ಮುತ್ತಿಕೊಂಡಿತು. ಕುರುಬ ಕೂಗಿದ, ಬೈದ, ಕೋಲು ಬೀಸಿದ. ಒಂದೂ ಕದಲಲಿಲ್ಲ. ಓಣಿಯ ಕಡೆಗಿದ್ದ ಎರಡು ಚಕ್ರಗಳನ್ನು ನೆಕ್ಕಿ ನೆಕ್ಕಿ ಮೇಲಿನ ಜಿಡ್ಡನ್ನೇ ತೆಗೆದುಬಿಟ್ಟವು.

ನಾನು ನಾಚಿಕೆಯಿಂದ ಒಳಗೆ ಸರಿದೆ. ಇವರಿಗೆ ಮಾತ್ರ ಮುಖ ಅರಳಿತು. "ಯಜಮಾನ್ರ, ಒಂದೀಟು ನಿಲ್ಲಸ್ರಿ. ಗಾಡಿ ತಿರುಗಿಸ್ತೀನಿ, ಗ್ವಾಡಿ ಕಡಿ ಇನ್ನೂ ಎರಡು ಗಾಲಿ ಅದಾವು!"

ಕುರುಬ ಕೋಲು ಊರಿ ನಿಂತು ಹೇಳಿದ: "ನಾ ಕುರಿ ಸಾಕೀನ್ರಿ, ಗ್ಯಾರೇಜ್ ಇಟ್ಟಿಲ್ಲ."

ಅಳಿಯ ಮತ್ತು ಹುಳ

ಭಾನುವಾರ ಮಡಕಶಿರದ ಹತ್ತಿರದ ನನ್ನ ತವರಿಗೆ ಹೋದೆವು. ಊಟಕ್ಕೆ ಇನ್ನೂ ಹೊತ್ತಿತ್ತು. ಇವರಿಗೆ ಸುಮ್ಮನೆ ಕೂರಲಾಗಲಿಲ್ಲ. ಅಮ್ಮನ ಒಲೆಯ ಪಕ್ಕದಲ್ಲಿದ್ದ ಸೀಮೆಎಣ್ಣೆ ಬಾಟಲಿ ತೆಗೆದುಕೊಂಡು ಹೋಗಿ, ಅಪ್ಪ ರೇಷ್ಮೆಹುಳ ಸಾಕುವ ಮನೆಯ ಬಾಗಿಲಲ್ಲೇ ಕೂತು ಚಕ್ರ ಉಜ್ಜತೊಡಗಿದರು. ನಮ್ಮ ಕಡೆ ಹುಳದ ಮನೆಗೆ ಸೋಪು ಹಚ್ಚಿಕೊಂಡು ಹೋಗಲೂ ಹೆದರುತ್ತೇವೆ. ಘಾಟು ತಗುಲಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ.

ಅಳಿಯನೆದುರು ದನಿ ಎತ್ತದ ನಮ್ಮಪ್ಪ, ಸೊಪ್ಪಿನ ಹೊರೆ ಬಿಸಾಕಿ ಓಡಿ ಬಂದರು. "ಏಳಪ್ಪಾ, ಏಳು! ಮೊದ್ಲು ಆ ಗಾಡಿ ತಗೊಂಡು ಆಚೆ ಹೋಗು!" ಎಂದು ಕೂಗುತ್ತಾ ತಾವೇ ಕಾರನ್ನು ಹಿಂದಿನಿಂದ ತಳ್ಳಿದರು. ನಾವು ರಸ್ತೆಯಾಚೆಯ ಕಡಲೆಕಾಯಿ ಹೊಲದ ಬದುವಿನಲ್ಲಿ ಕೂತೆವು. ಅಮ್ಮ ಅಲ್ಲಿಗೇ ಮುದ್ದೆ ಸಾರು ತಂದು, ಘಾಟು ತಗುಲೀತೆಂದು ಅಳಿಯನ ಹತ್ತಿರ ಬರದೆ ಬಾನೆಟ್ಟಿನ ಮೇಲಿಟ್ಟು ಹೋದರು.

ನನಗೆ ಸಿಟ್ಟು ಬಂತು. "ಏನಪ್ಪಾ ಇದು, ಮನೆ ಅಳಿಯನ್ನ ಹಿಂಗಾ ಓಡ್ಸೋದು?" ಎಂದು ದೂರದಿಂದಲೇ ಕೇಳಿದೆ.

"ಅಳಿಯ ಮುನಿಸ್ಕಂಡ್ರೆ ಮುಂದಿನ ಹಬ್ಬಕ್ಕೆ ಬತ್ತಾನೆ ಕಣಮ್ಮಿ. ಹುಳ ಮುನಿಸ್ಕಂಡ್ರೆ ಗೂಡೇ ಕಟ್ಟಲ್ಲ."

ಸೋಮವಾರ

ಬೆಳಗಾಗುತ್ತಲೇ ನನಗೆ ತಡೆಯಲಾಗಲಿಲ್ಲ. ಸೀರೆ ಎತ್ತಿ ಕಟ್ಟಿ ನಾನೇ ಕೂತೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು, ಮೇಲೆ ನೀರಲ್ಲಿ ಗಟ್ಟಿಯಾಗಿ ಕಲಸಿದ ಅಡುಗೆ ಸೋಡಾ, ಸಂದುಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ಷು. ಅಷ್ಟೇ. ಕಪ್ಪೆಲ್ಲ ಇಳಿದು ಹೋಯಿತು. ತರಿತರಿ ಹಾಗೇ ಇದ್ದರೂ ಬೆಳ್ಳಗಾದ ಚಕ್ರ ಕಂಡು ನನಗೆ ಅಳುವೇ ಬಂತು.

ನಾನು ಸ್ನಾನ ಮಾಡಿ ಬರುವವರೆಗೆ ಆ ಮನುಷ್ಯ ಸುಮ್ಮನಿದ್ದಿದ್ದರೆ ಸಾಕಿತ್ತು. ಕೊನೇ ಮೆರುಗು ಕೊಡುತ್ತೇನೆಂದು, ಯೂನಿಟ್ಟಿನಿಂದ ನಾನು ಕಾಲೊರೆಸಿಗೆ ತಂದಿದ್ದ ಜೀನ್ಸ್ ಚೂರುಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಜೀವ ಬಿಟ್ಟು ಉಜ್ಜಿದ್ದರು. ಒಮ್ಮೆಯೂ ನೀರು ಕಾಣದ ಹೊಸ ಜೀನ್ಸ್ ಬಟ್ಟೆ ಬಣ್ಣ ಬಿಡದೆ ಇರುತ್ತದೆಯೇ? ಹುಣಸೆಹಣ್ಣಿಗೆ ಮೊದಲೇ ತರಿತರಿಯಾಗಿದ್ದ ಚಕ್ರ ಬಣ್ಣವನ್ನೆಲ್ಲ ಹೀರಿಕೊಂಡಿತ್ತು. ನಾಲ್ಕೂ ಚಕ್ರ ನೀಲಿ. ಇವರ ಮೂಗೂ ನೀಲಿ.

ಮತ್ತೆ ತೊಳೆಯಲು ಹೊತ್ತಿರಲಿಲ್ಲ. ದಾರಿಯುದ್ದಕ್ಕೂ ಬೆಂಗಳೂರಿನ ಬಸ್ಸೇ ಕಣ್ಮುಂದೆ ಬರುತ್ತಿತ್ತು.

ಸಾಹುಕಾರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಒಂದು ಚಕ್ರ ನೋಡಿದರು, ಆ ಕಡೆ ಹೋಗಿ ಇನ್ನೊಂದು ನೋಡಿದರು. ಇವರ ಎರಡೂ ಮೊಣಕಾಲು ಅಲ್ಲಾಡುತ್ತಿದ್ದವು.

"ಬಾಗುಂದಿ!" ಚೆನ್ನಾಗಿದೆಯೆಂದು ತೆಲುಗಿನಲ್ಲೇ ಅಂದರು ಸಾಹುಕಾರರು. "ಚಾನಾ ಬಾಗುಂದಿ! ನಮ್ಮ ಜೀನ್ಸಿನ ಬಣ್ಣಾನ ಹೊಡ್ಸೀರಲ್ರಿ! ಸ್ಟೇಷನ್ನಾಗ ಪಾರ್ಟಿಗಳು ದೂರದಿಂದಾನ ನಮ್ ಗಾಡಿ ಗುರ್ತು ಹಿಡಿತಾರ. ಇವತ್ತಿಂದಾನ ಖಾಯಂ. ಒಂದ ಮಾತು, ಈ ಬಣ್ಣ ಮಾತ್ರ ಹೋಗಬಾರ್ದು."

ಆ ಬಣ್ಣ ಮೊದಲನೇ ಮಳೆಗೇ ಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ತಲೆಗಿಲ್ಲ. ವಾರವಾರವೂ ಇವರು ಬಾಗಿಲಲ್ಲಿ ಕೂತು ಜೀನ್ಸ್ ಚೂರಿನಿಂದ ಚಕ್ರಕ್ಕೆ ನೀಲಿ ಹತ್ತಿಸುತ್ತಾರೆ. ಮೊನ್ನೆ ನಾನು ಸಹಾಯಕ್ಕೆ ಕೂತು ಒಂದೆರಡು ಸಲ ಜೋರಾಗಿ ತಿಕ್ಕಿದ್ದೇ ತಡ, ನನ್ನ ಕೈ ಹಿಡಿದುಕೊಂಡರು.

"ಏ, ಮೆಲ್ಲಕ! ಬೆಳ್ಳಗಾಗಿಬಿಟ್ಟೀತು!"